ಮೂರು ಹಾರ್ನಿನ ನಮಸ್ಕಾರ

“ದಿನಾ ಮುಂಜಾನಿ ನಮ್ಮ ಗೇಟಿನ ಮುಂದ ಮೂರು ಸಲ ಹಾರ್ನ್ ಹೊಡಿಯಾವ್ರು ನೀವ ಏನ್ರಿ?” ಎಂದು ಭಿಕ್ಖು ಕೇಳಿದಾಗ ಹೆಮ್ಮೆಯಿಂದಲೇ ಹೌದೆಂದೆ.

ಕುಡಚಡೆಯಲ್ಲಿ ಅದಿರು ಲಾರಿ ಓಡಿಸುವ ನಾವು ದಾರಿಯ ಯಾವ ದೇವರನ್ನೂ ಹಾರ್ನ್ ಹೊಡೆಯದೆ ದಾಟುವುದಿಲ್ಲ. ಕಾಡಂಚಿನ ಆ ಬೌದ್ಧ ವಿಹಾರಕ್ಕೂ ಎರಡು ವರ್ಷದಿಂದ ಅದೇ ಮರ್ಯಾದೆ ಸಲ್ಲಿಸಿದ್ದೆ. ರೇಡಿಯೇಟರಿಗೆ ನೀರು ಬೇಕಾಗಿ ಒಳಗೆ ಕಾಲಿಟ್ಟದ್ದು ಅಂದೇ ಮೊದಲು.

“ಅದು ನಮ್ಮ ಧ್ಯಾನದ ಹೊತ್ತು ನೋಡ್ರಿ,” ಎಂದರು ಬೀದರ್ ಕಡೆಯ ಆ ಭಿಕ್ಖು. ಇನ್ನು ಹೊಡೆಯುವುದಿಲ್ಲವೆಂದು ತಲೆ ತಗ್ಗಿಸಿದೆ. ಅವರು ನಕ್ಕರು. “ಹ್ವಾದ ವಾರ ನೀವು ಬರಲಿಲ್ಲ. ಈಗ ಹೊಡಿತಾರ, ಆಗ ಹೊಡಿತಾರ ಅಂತ ಕಾಯ್ಕೋತ ಕುಂತು, ಧ್ಯಾನಾನ ಆಗ್ಲಿಲ್ರಿ.”

ಈಗ ಆ ಗೇಟು ಬಂದರೆ ಕೈ ಹಾರ್ನಿನ ಮೇಲೆ ನಿಂತುಬಿಡುತ್ತದೆ. ಒತ್ತಿದರೂ ಪಾಪ, ಒತ್ತದಿದ್ದರೂ ಪಾಪ.