ತುಕ್ಕು ಹಿಡಿಯದ ಹೊಗೆಸೊಪ್ಪು

ಪೀಣ್ಯದ ನಮ್ಮ ಕಾರ್ಖಾನೆಯ ಫೋರ್‌ಮನ್ ಪೈಪ್ ಸೇದುತ್ತಿದ್ದರು. ಅವರನ್ನು ನೋಡಿ ನಾನೂ ಒಂದು ಪೈಪ್ ಕೊಂಡಿದ್ದೆ. ಎಂಬತ್ತನೇ ಇಸವಿಯ ಆಸುಪಾಸಿರಬೇಕು, ಯಂತ್ರ ಕೂರಿಸಲು ಬಂದ ವಿದೇಶಿ ಇಂಜಿನಿಯರ್ ನಮ್ಮಿಬ್ಬರಿಗೂ ಒಂದೊಂದು ಡಬ್ಬಿ ಪರಿಮಳದ ಹೊಗೆಸೊಪ್ಪು ಕೊಟ್ಟುಹೋದ. ಡಬ್ಬಿ ಕೆಂಪಗಿತ್ತೋ ಹಸಿರಾಗಿತ್ತೋ, ಆಣೆ ಮಾಡಿ ಹೇಳಲಾರೆ.

ಕರೆಂಟ್ ಹೋದಾಗಲೆಲ್ಲ ಫೋರ್‌ಮನ್ ಹೊರಗೆ ಕೂತು, ಹೆಬ್ಬೆರಳಿನಿಂದ ಒತ್ತಿ ಪೈಪ್ ತುಂಬುತ್ತ, "ಇದೂ ಹಬ್ಬಾನೇ ಕಣ್ರೀ, ನಿಮ್ಮದೂ ತೆಗೀರಿ ಸಾರ್," ಎನ್ನುತ್ತಿದ್ದರು. ಅವರ ಡಬ್ಬಿ ತಿಂಗಳಲ್ಲೇ ಖಾಲಿ. ಎಂ.ಎಸ್ಸಿ. ಓದಿದ ನಾನು ಹಾಗೆ ದುಡುಕುವವನೇ? ಅವರು ನಿವೃತ್ತರಾಗುವ ದಿನ ಜೊತೆಯಲ್ಲಿ ಸೇದೋಣವೆಂದು ನನ್ನದನ್ನು ಎತ್ತಿಟ್ಟೆ. ಕೆಡದಿರಲೆಂದು, ಅಳತೆಯ ಉಪಕರಣಗಳಿಗೆ ತುಕ್ಕು ಹಿಡಿಯದಂತೆ ಇಡುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕನ್ನು ಒಳಗೆ ಹಾಕಿದೆ.

ಎರಡು ವರ್ಷದ ಮೇಲೆ, ಹಾರ ಹಾಕಿಸಿಕೊಂಡು ಬಂದ ಅವರೆದುರು ಡಬ್ಬಿ ತೆರೆದೆ. ಒಳಗಿದ್ದದ್ದು ವಾಸನೆಯಿಲ್ಲದ ಕಂದು ಪುಡಿ. ಅವರು ಚಿಟಿಕೆಯಷ್ಟು ಉಜ್ಜಿ, ಮೂಸಿ, ನನ್ನ ಮುಖ ನೋಡಿದರು.

"ತುಕ್ಕಂತೂ ಹಿಡಿದಿಲ್ಲ ಬಿಡಿ ಸಾರ್!"

ಆ ಪುಡಿಯನ್ನೇ ಪೈಪಿಗೆ ತುಂಬಿ ಹಚ್ಚಿದರು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, "ಇದೂ ಹಬ್ಬಾನೇ ಕಣ್ರೀ," ಎಂದರು.

ನನಗೀಗ ಬಹಳಷ್ಟು ಮರೆತಿದೆ. ಆದರೆ ಆ ಹೊಗೆಸೊಪ್ಪಿನ ರುಚಿ ನೆನಪಿಲ್ಲದಿರುವುದಕ್ಕೆ ಮಾತ್ರ ಮರೆವನ್ನು ದೂರುವಂತಿಲ್ಲ.