ಹೆಸರು ಮುಚ್ಚುವ ಅಂಗೈ

ಅವರ ಎಡ ಅಂಗೈ ಅಗಲವಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಮೊಹರಿನ ನೇರಳೆ ಶಾಯಿ ಎಂದೂ ಪೂರ್ತಿ ಹೋದದ್ದಿಲ್ಲ. ಯಾವ ಲೆಕ್ಕಪತ್ರ ಮುಂದಿಟ್ಟರೂ ಆ ಅಂಗೈ ಮೊದಲು ಹಾಳೆಯ ತಲೆಯಲ್ಲಿದ್ದ ಹೆಸರಿನ ಮೇಲೆ ಕೂರುತ್ತಿತ್ತು. "ಹೆಸರು ಕಂಡರೆ ಅಂಕಿಗೆ ಮುಖ ಬರ್ತದೆ," ಎನ್ನುತ್ತಿದ್ದರು. ಬಂಟ್ವಾಳ ಪೇಟೆಯ ಆ ಆಡಿಟರ ಬಳಿಯೇ ನಾನು ಈ ವೃತ್ತಿ ಕಲಿತೆ. ಒಂಬತ್ತಕ್ಕೆ ಬಾಗಿಲು ತೆರೆದಿರಬೇಕು, ಪೆನ್ಸಿಲು ಕೆತ್ತಿರಬೇಕು. ತಡವಾದರೆ ಬೈಯುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಅಷ್ಟು ಸಾಕಿತ್ತು.

ಎರಡು ಸಾವಿರದ ಇಸವಿಯ ನಂತರದ ಮಾತು. ಕಲ್ಲಡ್ಕದ ಬ್ಯಾರಿ ಮುಸ್ಲಿಮರೊಬ್ಬರು ಆಡಿಟರ ಶಾಲೆಯ ಗೆಳೆಯರು. ಆ ಗೆಳೆಯರ ಮಗ ದುಬೈಯಿಂದ ಬಂದು ಇಂಟರ್ನೆಟ್ಟಿನಲ್ಲಿ ವ್ಯಾಪಾರ ಶುರುಮಾಡಿದ್ದ. ಗಲ್ಫಿನಲ್ಲಿದ್ದವರು ಅವನ ವೆಬ್‌ಸೈಟಿನಲ್ಲಿ ಹಣ ಕಟ್ಟಿದರೆ ಮೂಡುಬಿದಿರೆಯ ಅಂಗಡಿಗಳಿಂದ ಸೀರೆ, ಮಿಠಾಯಿ ಬೆಳ್ತಂಗಡಿಯ ಅವರ ಮನೆಗೆ ತಲುಪುತ್ತಿತ್ತು. ಆ ವ್ಯಾಪಾರದಲ್ಲಿ ಪಾಲು ಹಾಕಲು ಮಂಗಳೂರಿನ ಉದ್ಯಮಿಯೊಬ್ಬರು ನಮ್ಮ ಕಚೇರಿಗೆ ಲೆಕ್ಕ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ವ್ಯಾಪಾರ ಉಳಿಯುವುದು ಕಷ್ಟವಿತ್ತು. ಅವರು ಬರುವ ಹಿಂದಿನ ದಿನ ಮಗ ಸೀರೆಗಳ ಪೂರ್ತಿ ಬೆಲೆಯನ್ನೇ ತನ್ನ ಮಾರಾಟವೆಂದು ಬರೆಸಿ ತಂದಿದ್ದ.

"ಸೀರೆ ನಿನ್ನದಾ?" ಆಡಿಟರು ಕೇಳಿದರು.

"ಅಲ್ಲ, ಅಂಗಡಿಯವರದ್ದು."

"ವಾಪಸು ಬಂದರೆ ನಷ್ಟ ಯಾರಿಗೆ?"

"ಅವರಿಗೇ."

"ಹಾಗಾದ್ರೆ ನಿನ್ನ ಆದಾಯ ಕಮಿಷನ್ ಮಾತ್ರ. ತಿದ್ದು."

"ಇದು ಇಂಟರ್ನೆಟ್ ವ್ಯಾಪಾರ ಆಡಿಟ್ರೇ. ಎಲ್ಲರೂ ಹೀಗೇ ತೋರಿಸ್ತಾರೆ."

"ಇಂಟರ್ನೆಟ್ಟಿಗೆ ಬೇರೆ ಮಗ್ಗಿ ಉಂಟಾ ಮಾರಾಯ?"

"ಅಪ್ಪನ ಮುಖ ನೋಡಿಯಾದರೂ..."

ಹೆಸರಿನ ಮೇಲಿದ್ದ ಅಂಗೈ ಕದಲಲಿಲ್ಲ. "ಅದಕ್ಕೇ ಮುಚ್ಚಿದ್ದು."

ಅವನು ಚಾ ಮುಟ್ಟದೆ ಎದ್ದುಹೋದ.

ಮರುದಿನ ಬೆಳಿಗ್ಗೆ ಅವನೇ ಲೆಕ್ಕ ತಿದ್ದಿ ತಂದ; ಉದ್ಯಮಿ ಬಂದು ಅದನ್ನು ನೋಡಿದರು. ಅವನು ಹೊರಗಿನ ಬೆಂಚಿನಲ್ಲಿದ್ದ. ಬಾಗಿಲು ತೆರೆದೇ ಇತ್ತು. ಉದ್ಯಮಿ ದನಿ ತಗ್ಗಿಸಿದರು. "ಬರಬೇಕಾದ ಕಮಿಷನ್‌ನಲ್ಲಿ ಅರ್ಧ ಬರುವುದಿಲ್ಲ ಅಂತ ಬರೆಯುವ. ನನಗೆ ಪಾಲು ಅಗ್ಗದಲ್ಲಿ ಸಿಗ್ತದೆ. ನಿಮ್ಮನ್ನೂ ನೋಡಿಕೊಳ್ತೇನೆ."

ನನ್ನ ಪೆನ್ಸಿಲು ನಿಂತಿತು.

"ನಿನ್ನೆ ಅವನಿಗೆ ಉಬ್ಬಿಸಿ ಕೊಡಲಿಲ್ಲ," ಎಂದರು ಆಡಿಟರು. "ಇವತ್ತು ನಿಮಗೆ ಕುಗ್ಗಿಸಿಯೂ ಕೊಡುವುದಿಲ್ಲ."

ಉದ್ಯಮಿ ಹೊರಟುಹೋದರು, ಮತ್ತೆ ಬರಲಿಲ್ಲ. ಆಡಿಟರು ಬೆಂಚಿನತ್ತ ನೋಡಿ, "ಒಳಗೆ ಬಾ, ಚಾ ಕುಡಿ. ಸಣ್ಣದಾಗಿ ನಡೆಸುವ ದಾರಿ ಉಂಟಾ ನೋಡುವ," ಎಂದರು. ಅವನು ಬಾಡಿಗೆಯ ಆಫೀಸು ಬಿಟ್ಟು, ಮನೆಯ ಒಂದು ಕೋಣೆಯಿಂದ ವ್ಯಾಪಾರ ನಡೆಸಿದ. ಅದು ಉಳಿಯಿತು.

ವರ್ಷಗಳ ನಂತರ ಆಡಿಟರು ಹಾಸಿಗೆ ಹಿಡಿದಾಗ ನಮ್ಮ ಕಚೇರಿಯದೇ ಲೆಕ್ಕ ಒಯ್ದು ತೋರಿಸಿದೆ. ಅದೇ ಅಂಗೈಯಲ್ಲಿ ತಮ್ಮ ಹೆಸರನ್ನೇ ಮುಚ್ಚಿ ಓದಿದರು. "ಇವರು ಮನೆಯ ಪೆಟ್ರೋಲನ್ನೂ ಕಚೇರಿಯ ಖರ್ಚಿಗೆ ಹಾಕಿದ್ದಾರೆ. ತೆಗೆಯಿರಿ." ತೆಗೆದೆ. ಆ ವಾರವೇ ಅವರು ತೀರಿಕೊಂಡರು.

ಕಲ್ಲಡ್ಕದವನು ಈಗ ವರ್ಷದ ಲೆಕ್ಕ ನನ್ನಲ್ಲಿಗೆ ತರುತ್ತಾನೆ. ಹಾಳೆ ಮೇಜಿನ ಮೇಲಿಟ್ಟು, ನಾನು ಕೈ ಚಾಚುವ ಮೊದಲೇ ತನ್ನ ಹೆಸರನ್ನು ತಾನೇ ಮುಚ್ಚಿ ಹಿಡಿಯುತ್ತಾನೆ.