ಗೇಟಿನವರೆಗಿನ ಚೌಕಾಸಿ

ನಮ್ಮ ಲೀನಾ ಕಾರು ತಂದಳು! ನನ್ನ ಮೊಮ್ಮಗಳು, ಮಸ್ಕತ್ತಿನಲ್ಲಿ ನರ್ಸಾಗಿ ದುಡಿದ ಹುಡುಗಿ, ಇವತ್ತು ಬೆಳಿಗ್ಗೆ ಹೊಚ್ಚಹೊಸ ಕಾರನ್ನು ಪಡೀಲಿನ ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಬಸ್ಸಿಗೆ ಓಡುತ್ತಿದ್ದವರನ್ನೂ ಬಿಡಲಿಲ್ಲ. ನೀವು ಸಿಕ್ಕಿದ್ದರೆ ನಿಮ್ಮನ್ನೂ ಹಿಡಿದು ಒಳಗೆ ಕೂರಿಸುತ್ತಿದ್ದೆ.

ಬಾಗಿಲು ತೆಗೆದರೆ ಹೊಸ ರೆಕ್ಸಿನಿನ ವಾಸನೆ. ಅದು ಮೂಗಿಗೆ ಬಡಿದದ್ದೇ, ಅಷ್ಟು ಸಂತೋಷದ ನಡುವೆಯೂ ಹಳೆಯದೊಂದು ಕಹಿ ನೆನಪಾಯಿತು. ಎಪ್ಪತ್ತರ ದಶಕದಲ್ಲಿ ಇದೇ ವಾಸನೆ ಮೂಸಿ ಬರಿಗೈಯಲ್ಲಿ ಮನೆಗೆ ನಡೆದವರು ನಾವು ಗಂಡ ಹೆಂಡತಿ.

ನಮ್ಮವರು ಆಗ ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದರು. ಸ್ವಂತದ್ದೊಂದು ಬೇಕೆಂದು ಹೆಸರು ಬರೆಸಿ ವರ್ಷಗಟ್ಟಲೆ ಕಾದರು. ಆ ಕಾಲದಲ್ಲಿ ಹೆಣ್ಣಿಗೆ ಗಂಡು ಸಿಗುವುದು ಸುಲಭ, ಕಾರಿನ ಸರದಿ ಬರುವುದೇ ಕಷ್ಟ. ಅಂತೂ ಬಂತು. ನಾನು ಮದುವೆಯ ಸೀರೆಯನ್ನೇ ಉಟ್ಟು ಹೋದೆ. ಶೋರೂಮಿನ ಬಿಳಿ ಷರಟಿನ ಯುವಕ ನಮ್ಮ ಮುಖ ನೋಡದೆ ಹೇಳಿದ: "ರೇಡಿಯೋ, ಸೀಟು ಕವರು ಎಲ್ಲ ನಮ್ಮಲ್ಲೇ ತಗೊಳ್ಬೇಕು. ಇಲ್ಲದಿದ್ರೆ ಕಾರಿಲ್ಲ."

"ಬಾಡಿಗೆ ಓಡಿಸುವವನಿಗೆ ರೇಡಿಯೋ ಎಂತಕ್ಕೆ ಸ್ವಾಮಿ?"

"ಹಾಗಾದ್ರೆ ಕಾರು ಎಂತಕ್ಕೆ?"

ನಮ್ಮವರು ನನಗೆ ಕಣ್ಣು ಮಿಟುಕಿಸಿ ಎದ್ದರು. ಆ ಸನ್ನೆ ನನಗೆ ಗೊತ್ತು. ಬಂಗುಡೆಯ ರೇಟು ಸರಿಬಾರದಿದ್ದರೆ ಮೀನನ್ನು ಮಾರುವವಳ ಬುಟ್ಟಿಗೇ ವಾಪಸು ಹಾಕಿ ನಡೆಯಬೇಕು; ಹಿಂದಿನಿಂದ "ಬಾಯಮ್ಮಾ, ಬನ್ನಿ ಮಾರಾಯ್ರೆ" ಎಂದು ಕರೆಯದ ಮೀನಿನವಳನ್ನು ನಾನು ಕಂಡೇ ಇಲ್ಲ. "ಮೆಲ್ಲ ನಡಿ, ತಿರುಗಬೇಡ. ಕರೀತಾನೆ ನೋಡು" ಎಂದರು. ಇಗರ್ಜಿಯೊಳಗೆ ಮದುಮಕ್ಕಳು ಪಾದ್ರಿಯತ್ತ ನಡೆದ ಹಾಗೆ ನಡೆದೆವು. ಗೇಟಿನ ಹತ್ತಿರ ಅವರು ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯನ್ನು ಸರಿಮಾಡಿಕೊಂಡರು. ಕರೆ ಬರಲಿಲ್ಲ. ತಿರುಗಿದರೆ ಅವನು ಇನ್ನೊಬ್ಬರಿಗೆ ಅದೇ ಕಾರಿನ ಬಾಗಿಲು ತೆಗೆದುಕೊಡುತ್ತಿದ್ದ!

ನಮ್ಮವರು ಹಿಂದಕ್ಕೆ ಓಡಿದರು. ಅವನು ಹೇಳಿದ: "ನೀವೇ ಬಿಟ್ಟು ಹೋದ್ರಲ್ಲ? ಇನ್ನು ಹೊಸದಾಗಿ ಹೆಸರು ಬರೆಸಿ."

ಮೀನು ಸಂಜೆಗೆ ಕೊಳೆಯುತ್ತದೆ, ಕಾರು ಕೊಳೆಯುವುದಿಲ್ಲ. ಇಷ್ಟು ನಮಗೆ ಹೊಳೆಯಲಿಲ್ಲ. ಸಕ್ಕರೆ ಕಾಯಿಲೆ ಕಣ್ಣು ತಿಂದು ಮುಗಿಸುವವರೆಗೂ ನಮ್ಮವರು ಕಂಡವರ ಕಾರನ್ನೇ ಓಡಿಸಿದರು.

ಕಳೆದ ವಾರ ಲೀನಾ ನಮ್ಮಿಬ್ಬರನ್ನೂ ಅದೇ ಶೋರೂಮಿಗೆ ಕರೆದುಕೊಂಡು ಹೋದಳು. ಆ ಬಿಳಿ ಷರಟಿನವನೇ ಇದ್ದ, ತಲೆ ನರೆತಿತ್ತು. ಈಗ ಎಲ್ಲರಿಗೂ ಹೊಸ ಸಣ್ಣ ಕಾರೇ ಬೇಕು. ಅವನ ದೊಡ್ಡ ಕಾರುಗಳು ಧೂಳು ಹಿಡಿದು ನಿಂತಿದ್ದವು. ಅದರಲ್ಲೊಂದನ್ನು ತೋರಿಸಿ "ರೇಡಿಯೋ ಪುಕ್ಕಟೆ ಹಾಕಿಕೊಡಿ" ಎಂದಳು ಲೀನಾ. ಅವನು ಆಗುವುದಿಲ್ಲ ಎಂದ. "ನಡೀರಿ ಅಜ್ಜಿ" ಎಂದು ಎದ್ದೇಬಿಟ್ಟಳು. ನಾನೂ ಹಿಂದೆಯೇ ಹೊರಟೆ. ನಮ್ಮವರು ನನ್ನ ಹೆಗಲು ಹಿಡಿದಿದ್ದರು.

ಗೇಟು ತಲುಪಿರಲಿಲ್ಲ. "ಮೇಡಂ! ನಿಲ್ಲಿ ಮೇಡಂ, ಹಾಕಿ ಕೊಡುವ!"

ಲೀನಾ ನಕ್ಕಳು. ನಮ್ಮವರು ನಗಲಿಲ್ಲ. "ಅವನೇ ಅಲ್ವಾ?" ಎಂದರು ಮೆಲ್ಲಗೆ.

"ಅವನೇ."

"ಹಾಗಾದ್ರೆ ಅವನಿಗೆ ಕರೆಯುವ ಸ್ವರ ಉಂಟು."

ಇವತ್ತು ಸಂಜೆ ಇಡ್ಲಿಯಂಥ ಮೆತ್ತನೆಯ ಸನ್ನ, ಕೋಳಿಸಾರು ಮಾಡಿ ಎಲ್ಲರನ್ನೂ ಕರೆದರೆ ನಮ್ಮವರು ಮಾತ್ರ ಡ್ರೈವರ್ ಸೀಟು ಬಿಟ್ಟು ಏಳಲಿಲ್ಲ. ಕೊನೆಗೆ ನಾವೇ ಬಟ್ಟಲು ಹಿಡಿದು ಹೊರಗೆ ಬಂದೆವು. ಮಗ, ಸೊಸೆ, ಲೀನಾ ಹಿಂದಿನ ಸೀಟಿನಲ್ಲಿ, ನಾನು ಮುಂದೆ. ಹೊಸ ಸೀಟಿಗೆ ಸಾರು ಚೆಲ್ಲಿತು, ಯಾರೂ ಬೈಯಲಿಲ್ಲ.

"ಡ್ರೈವರೇ, ಬಂಟ್ವಾಳಕ್ಕೆ ಎಷ್ಟು ಬಾಡಿಗೆ?" ಎಂದಳು ಲೀನಾ.

"ರೇಡಿಯೋ ಉಂಟಲ್ಲ, ಜಾಸ್ತಿ ಆಗ್ತದೆ."

ಎಲ್ಲರೂ ಬಾಯಿತುಂಬ ಸನ್ನ ಇಟ್ಟುಕೊಂಡೇ ನಕ್ಕರು. ನಾನು ಸನ್ನ ಮುರಿದು ಸಾರಿನಲ್ಲಿ ಅದ್ದಿ ನಮ್ಮವರ ಬಾಯಿಗಿಟ್ಟೆ. ಅವರ ಎರಡು ಕೈಗಳೂ ಸ್ಟಿಯರಿಂಗಿನ ಮೇಲೆಯೇ ಇದ್ದವು.